ಮಾಲತಿ ಆಂಟಿಯ ಲಿನಕ್ಸೂ ಅರ್ಧ ಕೆಜಿ ಬೆಂಡೆಕಾಯಿಯೂ

ಗೆಳೆಯರೇ, ಈ ಬೆಳಿಗ್ಗೆ ಬನಶಂಕರಿಯ ನಮ್ಮ ಮನೆಯ ಮೇಲಿನ ಮಹಡಿಯ ಮಾಲತಿ ಆಂಟಿ ಕರೆದರು. ಅವರ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಸ್ಟೇಬಲ್ ಆವೃತ್ತಿ, ಅಂದರೆ ಪರೀಕ್ಷೆಯೆಲ್ಲ ಮುಗಿದದ್ದು, ಹಳೆಯದಾದರೂ ತಕರಾರಿಲ್ಲದ್ದು. ಮಗಳ ಸೀಮಂತದ ಫೋಟೊ ತಿದ್ದಲು ಹೊಸ ಸಾಫ್ಟ್‌ವೇರ್ ಬೇಕೆಂದು, ಇಂಟರ್ನೆಟ್ಟಿನಲ್ಲಿ ಸಿಕ್ಕ ಕಮಾಂಡ್ ಸಾಲುಗಳನ್ನು ತಂದು ಅಂಟಿಸಿದ್ದರು. ಮುಂದುವರಿಯಲು ವೈ, ಬೇಡವಾದರೆ ಎನ್ ಒತ್ತಿ ಎಂದು ಪರದೆ ಕೇಳುತ್ತಿತ್ತು.

"ಏನೋ ಕೇಳ್ತಿದೆ, ವೈ ಒತ್ತಿಬಿಡಪ್ಪ. ತರಕಾರಿ ಗಾಡಿ ಬಂತು" ಎಂದು ಚೀಲ ಹಿಡಿದು ಇಳಿದರು.

ನಾನು ಓದಿದೆ. ಆ ಸಾಲುಗಳು ಇನ್ನೂ ಪರೀಕ್ಷೆಯಲ್ಲಿರುವ ಮುಂದಿನ ಆವೃತ್ತಿಯನ್ನು ಎಳೆದು ತರಲು ಹೊರಟಿದ್ದವು. ಒಂದು ಸಾಫ್ಟ್‌ವೇರ್ ಒಳಗೆ ಬರಲು ಐಕಾನು, ಮೆನುಗಳನ್ನು ತೋರಿಸುವ ಇಡೀ ಡೆಸ್ಕ್‌ಟಾಪ್ ವ್ಯವಸ್ಥೆಯೇ ಹೊರಗೆ ಹೋಗಬೇಕಿತ್ತು. ಎನ್ ಒತ್ತಿ, ಆ ಸಾಲುಗಳನ್ನು ಅಳಿಸಿದೆ. ಹೊಸ ಸಾಫ್ಟ್‌ವೇರುಗಳನ್ನು ಸ್ಟೇಬಲ್‌ಗೇ ಹೊಂದುವಂತೆ ತಯಾರಿಸಿಡುವ ಬ್ಯಾಕ್‌ಪೋರ್ಟ್ಸ್ ಎಂಬ ಜಾಗವಿದೆ. ಅಲ್ಲಿಂದ ಅದೊಂದನ್ನೇ ತರಲು ಲ್ಯಾಪ್‌ಟಾಪಿಗೆ ಹೇಳಿ, ಏನೇನು ಬದಲಾಗುತ್ತದೆಂದು ಮತ್ತೆ ಓದತೊಡಗಿದೆ.

ಕಿಟಕಿಯಾಚೆ ಗಾಡಿಯವನ ದನಿ ಕೇಳಿಸಿತು. "ಅಕ್ಕ, ಎಲ್ಲಾ ಬೆಂಡೆಕಾಯಿ ತುದಿ ಮುರಿದ್ರೆ ಮಿಕ್ಕಿದ್ದು ಯಾರು ತಗೋತಾರೆ?"

"ನೋಡ್ದೆ ತಗೊಂಡು ಬಲಿತಿದ್ದು ಬಂದ್ರೆ ನೀನು ತಿಂತೀಯಾ?" ಇದು ಆಂಟಿ.

ಅರ್ಧ ಕೆಜಿಯನ್ನು ಒಂದೊಂದಾಗಿ ಮುರಿದು ನೋಡಿ, ಆರಿಸಿಕೊಂಡು ಅವರು ಮೇಲೆ ಬಂದರು. ನಾನಿನ್ನೂ ಪರದೆ ಓದುತ್ತಿದ್ದೆ.

"ಏನಪ್ಪ, ಒಂದು ವೈ ಒತ್ತಕ್ಕೆ ಇಷ್ಟು ಹೊತ್ತಾ?"

"ತುದಿ ಮುರಿದು ನೋಡ್ತಿದ್ದೀನಿ ಆಂಟಿ" ಅಂದೆ.

ಆಂಟಿ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಮಧ್ಯಾಹ್ನ ಪಲ್ಯ ಕಳಿಸಿದ್ದರು. ಬಲಿತದ್ದು ಒಂದೂ ಇರಲಿಲ್ಲ.