ಹಣ್ಣಿನ ಚೀಲದ ದೃಶ್ಯ

ನನಗೊಂದು ಕೆಟ್ಟ ಚಟವಿದೆ. ನಾಟಕಕ್ಕೆ ಹೋದರೆ ರಂಗದ ಮೇಲಿನವರಿಗಿಂತ ಮೊದಲ ಸಾಲಿನಲ್ಲಿ ಕುಳಿತವರನ್ನೇ ಹೆಚ್ಚು ನೋಡುತ್ತೇನೆ. ನಮ್ಮ ಬಾಗಲಕೋಟೆಯಲ್ಲಿ ಮೊದಲ ಸಾಲಿಗೆ ಬಿಳಿ ಹೊದಿಕೆಯ ಸೋಫಾ, ಹಿಂದೆಲ್ಲ ಪ್ಲಾಸ್ಟಿಕ್ ಕುರ್ಚಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ ನಾವೆಲ್ಲ ನವನಗರಕ್ಕೆ ಬಂದರೂ ಈ ಏರ್ಪಾಡು ಮುಳುಗಲಿಲ್ಲ. ಕುರ್ಚಿಯವರು ಜೋಕು ಕೇಳಿ ನಗುತ್ತಾರೆ. ಸೋಫಾದವರು ಪಕ್ಕದ ಸೋಫಾದವರು ನಕ್ಕರೇ ಎಂದು ನೋಡಿಕೊಂಡು ನಗುತ್ತಾರೆ. ಜೀವಮಾನವಿಡೀ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಗೊತ್ತಿರುವ ರಂಗವಿಮರ್ಶೆ ಇಷ್ಟೇ.

ಈ ಸಲ ಮಾತ್ರ ನಾನು ನೋಡಿದ್ದು ಸೋಫಾದ ತುದಿಯಲ್ಲಿ ಕುಳಿತಿದ್ದ ಒಬ್ಬನನ್ನೇ. ಅವನು ಶೇಖಪ್ಪ, ನನ್ನ ಹಳೆಯ ವಿದ್ಯಾರ್ಥಿ. ಹುನಗುಂದದಿಂದ ಪತ್ರಿಕೆಗೆ ಸುದ್ದಿ, ಫೋಟೋ ಕಳಿಸುತ್ತ ಕಳಿಸುತ್ತಲೇ ತಲೆ ನರೆತವನು. ಎರಡೂ ಮೂತ್ರಪಿಂಡ ಕೈಕೊಟ್ಟು ಈಗ ವಾರಕ್ಕೆರಡು ಸಲ ಬಸ್ಸು ಹತ್ತಿ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಬರುತ್ತಾನೆ. ಜಿಲ್ಲೆಯ ಪತ್ರಕರ್ತರು ವರ್ಷಕ್ಕೊಮ್ಮೆ ಯಾವುದಾದರೂ ಒಳ್ಳೆಯ ಕೆಲಸಕ್ಕೆಂದು ಆಡುವ ನಗೆನಾಟಕ ಈ ಸಲ ಅವನ ಚಿಕಿತ್ಸೆಗಾಗಿ. ಆದರೆ ಪ್ರತಿವರ್ಷ ಆ ನಾಟಕ ಬರೆಯುವವನೂ ಅವನೇ. ಬೇರೆ ಯಾರಿಗೂ ಬರೆಯಲು ಬಾರದ್ದರಿಂದ ಈ ವರ್ಷವೂ ಅವನೇ ಬರೆದ, ಒಂದು ಕೈ ಯಂತ್ರಕ್ಕೆ ಕೊಟ್ಟು ಇನ್ನೊಂದರಿಂದ. ತನ್ನ ಸಹಾಯಾರ್ಥದ ನಾಟಕಕ್ಕೆ ತಾನೇ ಜೋಕು ಬರೆಯುವ ಪಾಡು ವೈರಿಗೂ ಬೇಡಪ್ಪ.

ಬರೆದದ್ದನ್ನು ಪತ್ರಕರ್ತ ಮಿತ್ರರು ನನ್ನ ಬಳಿ ತಂದರು. "ಸರ, ನೀವು ಹಿರ್ಯಾರು, ಒಮ್ಮಿ ಕಣ್ಣಾಡಿಸಿ ಕೊಡ್ರಿ," ಎಂದರು. ಹಿರಿಯರು ಎಂದುಬಿಟ್ಟರೆ ಸಾಕು, ನನ್ನ ಕೆಂಪು ಪೆನ್ನು ತಾನಾಗಿ ಜೇಬಿನಿಂದ ಏಳುತ್ತದೆ. ನಗುತ್ತಲೇ ಓದಿದವನು ಕೊನೆಯ ದೃಶ್ಯಕ್ಕೆ ಬಂದು ಬೆವೆತೆ. ಮಂಚದ ಮೇಲೊಬ್ಬ ಮುದಿ ರೋಗಿ. ಧುರೀಣರೊಬ್ಬರು ಹಣ್ಣಿನ ಚೀಲ ಹಿಡಿದು ಬರುತ್ತಾರೆ. ರೋಗಿ ಕೈ ಚಾಚಿ ಚೀಲ ಹಿಡಿಯುತ್ತಾನೆ. ಧುರೀಣರು ಬಿಡುವುದಿಲ್ಲ, ಏಕೆಂದರೆ ಫೋಟೋದವ ಇನ್ನೂ ಬಂದಿಲ್ಲ. ಇಬ್ಬರೂ ಚೀಲ ಹಿಡಿದು ಕಾಯುತ್ತಾರೆ. ಕಾಯುತ್ತ ಕಾಯುತ್ತ ರೋಗಿಯ ಕುತ್ತಿಗೆ ವಾಲಿ ಜೀವ ಹೋಗುತ್ತದೆ. ಆಗ ಫೋಟೋದವ ಓಡೋಡಿ ಬಂದು ಕ್ಯಾಮೆರಾ ಎತ್ತಿ ಹೆಣಕ್ಕೆ ಹೇಳುತ್ತಾನೆ: "ಅಜ್ಜಾರ, ಸ್ವಲ್ಪ ನಗ್ರಿ."

ಎಲ್ಲರಿಗಿಂತ ಹೆಚ್ಚು ಟಿಕೆಟ್ ಕೊಂಡ ಧುರೀಣರೊಬ್ಬರು ಅಂದು ನಡುವಿನ ಸೋಫಾದಲ್ಲೇ ಕೂರುವವರಿದ್ದರು. ಹುಟ್ಟುಹಬ್ಬಕ್ಕೆ ದವಾಖಾನೆಯಲ್ಲಿ ಹಣ್ಣು ಹಂಚುವುದು ಅವರ ವಾಡಿಕೆ. "ಇದನ್ನ ತಗದು ಬಿಡ್ರಿ," ಎಂದೆ. "ಅವರು ಸಿಟ್ಟಾದ್ರ ಶೇಖಪ್ಪಗ ತ್ರಾಸ." ಅವನಿಗೆ ಹೇಳುವುದೂ ಬೇಡ, ಜಡ್ಡಿನ ಮನುಷ್ಯ, ಸುಮ್ಮನೆ ನೊಂದುಕೊಂಡಾನು ಎಂದೂ ಸೇರಿಸಿದೆ. ಹೇಡಿತನಕ್ಕೆ ಕರುಣೆಯ ಅಂಗಿ ತೊಡಿಸುವುದರಲ್ಲಿ ನಾನು ಪಳಗಿದವನು. ಅವರಿಗೂ ಅದೇ ಬೇಕಿತ್ತೋ ಏನೋ, ಮರುಮಾತಾಡದೆ ಒಪ್ಪಿದರು.

ಹಿಂದೆ ನಮ್ಮಲ್ಲಿ ಹಗರಣವೆಂದರೆ ವೇಷ ಕಟ್ಟಿ ಊರ ದೊಡ್ಡವರನ್ನು ಅಣಕಿಸುವ ಆಟ. ಆಮೇಲೆ ಆ ಶಬ್ದ ರಂಗ ಬಿಟ್ಟು ಕಚೇರಿ ಸೇರಿತು, ಪತ್ರಿಕೆಯ ತಲೆಬರಹವಾಯಿತು. ಸಂಸ್ಕೃತ ನಾಟಕದ ವಿದೂಷಕನೂ ರಾಜನನ್ನು ಗೇಲಿ ಮಾಡುತ್ತಿದ್ದ, ಆದರೆ ಹಸಿವಾದರೆ ಅದೇ ಅರಮನೆಯ ಮೋದಕಕ್ಕೆ ಕೈ ಚಾಚುತ್ತಿದ್ದ. ಇಂಥ ಪಾಂಡಿತ್ಯವನ್ನೆಲ್ಲ ಅಂದು ನನಗೆ ನಾನೇ ಹೇಳಿಕೊಂಡೆ. ಮನಸ್ಸು ಚುಚ್ಚುತ್ತಿರುವಾಗ ಓದು ಹೀಗೆ ಮುಲಾಮಿನ ಕೆಲಸಕ್ಕೆ ಬರುತ್ತದೆ.

ಆರಕ್ಕೆಂದ ಆಟ ಏಳಕ್ಕೆ ಶುರುವಾಯಿತು. ಸುದ್ದಿಗಾರರಿಗೆ ಮಾತು ಬಾಯಿಪಾಠ ಬರುವುದಿಲ್ಲ. ಫೈಲಿನೊಳಗೆ ಮೊಬೈಲು ಬಚ್ಚಿಟ್ಟುಕೊಂಡು ಓದುತ್ತಾರೆ. ಬಾದಾಮಿಯ ವರದಿಗಾರ ಮಂತ್ರಿಯ ವೇಷದಲ್ಲಿ ಭಾಷಣ ಬಿಗಿಯುತ್ತಿದ್ದಾಗ ಆ ಮೊಬೈಲು ಹೊಡೆದುಕೊಂಡಿತು. ಹುಟ್ಟುಗುಣ ಎಲ್ಲಿ ಹೋದೀತು, ಎತ್ತಿಯೇಬಿಟ್ಟ. "ಎಲ್ಲೆ? ಕುಳಗೇರಿ ಕ್ರಾಸಿನ್ಯಾಗ? ಲಾರಿ ಏನು? ಎಷ್ಟ ಮಂದಿ ಹೋದ್ರು?" ಜನ ಇದೂ ನಾಟಕವೆಂದು ಬಿದ್ದು ಬಿದ್ದು ನಕ್ಕರು. "ಇಬ್ರ ಏನು?" ಎಂದಾಗ ಸೀಟಿ ಬಿತ್ತು. ಬರೆದದ್ದನ್ನು ಓದಿದ್ದ ನಾನೂ ನಕ್ಕೆ. ಮರುದಿನ ಪತ್ರಿಕೆಯಲ್ಲಿ ಆ ಇಬ್ಬರ ಹೆಸರು ಓದಿದೆ.

ಶೇಖಪ್ಪ ಆಗ ನಗಲಿಲ್ಲ. ಅದು ತಾನು ಬರೆದದ್ದಲ್ಲ ಎಂದು ಅವನಿಗೆ ಗೊತ್ತು. ಒಂದೊಂದು ದೃಶ್ಯ ಮುಗಿದಾಗಲೂ ಬೆರಳು ಮಡಚುತ್ತ, ಇನ್ನಷ್ಟು ನೆಟ್ಟಗೆ ಕೂರುತ್ತಿದ್ದ. ಪರದೆ ಬಿತ್ತು. ಪಕ್ಕದಲ್ಲಿದ್ದ ಹೆಂಡತಿ ಗಂಗವ್ವ, "ಮುಗೀತಲ್ಲ, ಏಳ್ರಿ," ಎಂದಳು. "ಇನ್ನೊಂದೈತಿ, ತಡಿ," ಎಂದ. ಪರದೆ ಮತ್ತೆ ಎದ್ದಾಗ ರಂಗದ ಮೇಲೆ ವಂದನಾರ್ಪಣೆಯವನು ನಿಂತಿದ್ದ. ಶೇಖಪ್ಪ ಮಡಚಿದ್ದ ಬೆರಳು ಬಿಡಿಸಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ನನಗೆ ಎದ್ದು ಓಡಿಹೋಗಬೇಕೆನಿಸಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದು ಹಳೆಯ ಕಾಲದ ನಾಚಿಕೆಯ ಕಳ್ಳ. ಈಗಿನವರು ಚಪ್ಪಾಳೆ ತಟ್ಟುತ್ತಾರೆ. ಧುರೀಣರು ಶೇಖಪ್ಪನಿಗೆ ಶಾಲು ಹೊದಿಸಿ ಕೆಳಗಿಳಿದವರು ನೇರ ನನ್ನ ಬಳಿ ಬಂದರು. "ಏನ್ರಿ ಸರ, ನನ್ನ ಮ್ಯಾಲ ಭಾಳ ಖಾರ ಹಾಕ್ಯಾರ ಅಂತ ಕೇಳಿ ಬಂದಿದ್ದೆ. ಇಷ್ಟ ಏನು?" ಅವರ ಮುಖದಲ್ಲಿ ಖರೇನೇ ಬೇಸರವಿತ್ತು. ಬೈಸಿಕೊಳ್ಳದಿದ್ದರೆ ದೊಡ್ಡವರ ಲೆಕ್ಕದಲ್ಲಿ ಬಂದಂತಾಗುವುದಿಲ್ಲವಷ್ಟೆ! ಯಾರಿಗೆ ಹೆದರಿ ಕತ್ತರಿ ಹಾಕಿದೆನೋ ಅವರೇ ಕತ್ತರಿಸಿದ್ದನ್ನು ಹುಡುಕುತ್ತಿದ್ದರು.

ಮೂರು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಒಂದು ಚೀಲ ಸೇಬು ಹಿಡಿದು ದವಾಖಾನೆಗೆ ಹೋದೆ. ಐದು ಮಂಚ, ಐದು ಯಂತ್ರ. ಗಂಗವ್ವ ಗಂಡನ ಕಾಲ ಬಳಿ ಕುಳಿತಿದ್ದಳು. ಕೂರುವ ಮೊದಲೇ, "ಶೇಖಪ್ಪ, ಆ ದೃಶ್ಯ ತಗೀರಿ ಅಂದವ ನಾನ," ಎಂದೆ.

ತನ್ನ ಕೊಳವೆಯಲ್ಲಿ ಹರಿಯುವ ರಕ್ತ ನೋಡುತ್ತಿದ್ದವನು ಕಣ್ಣೆತ್ತಿದ. "ಧುರೀಣರು ಸಿಟ್ಟಾಗ್ತಾರ ಅಂತ ತಗಸಿದ್ರೇನ್ರಿ?"

"ಹೂಂ."

"ಅದು ಅವರ ಮ್ಯಾಲ ಬರದದ್ದಲ್ಲರಿ ಸರ. ಫೋಟೋದವನ ಮ್ಯಾಲ. ಆ ಫೋಟೋದವ ನಾನ. ಇದ ಖೋಲ್ಯಾಗ ಎಷ್ಟ ಮಂದಿಗೆ, 'ಕೈ ಇಳಸಬ್ಯಾಡ್ರಿ, ಇನ್ನೊಂದು ತಗೀತೇನಿ' ಅಂದೇನೋ! ಈಗ ಇಲ್ಲಿ ಮಲಗಿದ ಮ್ಯಾಲ ತಿಳೀತು, ಕೈ ಎಷ್ಟ ನೋಯತೈತಿ ಅಂತ. ಮಂದಿ ಮುಂದ ಒಮ್ಮಿ ತಪ್ಪಾತು ಅಂದುಬಿಡಬೇಕು ಅಂತ ಮಾಡಿದ್ದೆ. ಮುಂದಿನ ವರ್ಷಕ್ಕ ನಾ ಇರ್ತೇನೋ ಇಲ್ಲೋ."

ಸಾವಿರ ಮಕ್ಕಳಿಗೆ ಓದುವುದು ಹೇಗೆಂದು ಕಲಿಸಿದ ಮಾಸ್ತರ ನಾನು. ಒಬ್ಬ ಮನುಷ್ಯನ ತಪ್ಪೊಪ್ಪಿಗೆಯನ್ನು ಇನ್ನೊಬ್ಬನ ನಿಂದೆಯೆಂದು ಓದಿ ಕೆಂಪು ಗೆರೆ ಎಳೆದಿದ್ದೆ. ಅಳು ಬಂತು.

"ಅಳಬ್ಯಾಡ್ರಿ. ಆಟ ಇನ್ನೂ ಮುಗಿದಿಲ್ಲ," ಎಂದ ಶೇಖಪ್ಪ. "ಏಳ್ರಿ. ಆ ಚೀಲ ತಗೋರಿ. ಧುರೀಣರ ಪಾರ್ಟು ನಿಮ್ಮದು." ಪಕ್ಕದ ಮಂಚದಲ್ಲಿದ್ದ ಬೇವೂರಿನ ಮುದುಕರಿಗೆ ಎರಡು ಮಾತಿನಲ್ಲಿ ಕಥೆ ತಿಳಿಸಿ, ರೋಗಿಯ ಪಾರ್ಟು ಅವರಿಗೆ ಕೊಟ್ಟ. "ಅದನ್ನೇನ್ ಕಲೀಬೇಕೋ ತಮ್ಮಾ," ಎಂದು ಅವರು ಕೈ ಚಾಚಿದರು.

ನಾನು ಚೀಲ ನೀಡಿದೆ. ಅವರು ಹಿಡಿದುಕೊಂಡರು. ಶೇಖಪ್ಪ ಬಿಡುವಿದ್ದ ಕೈಯನ್ನು ಕ್ಯಾಮೆರಾದಂತೆ ಕಣ್ಣಿಗಿಟ್ಟು, "ಇನ್ನೊಂದು ತಗೀತೇನಿ, ಇನ್ನೊಂದು," ಎನ್ನುತ್ತ ಹೋದ. ಮುದುಕರು ಕುತ್ತಿಗೆ ವಾಲಿಸಿ ಕಣ್ಣು ಮುಚ್ಚಿದರು. "ಅಜ್ಜಾರ, ಸ್ವಲ್ಪ ನಗ್ರಿ," ಎಂದ ಶೇಖಪ್ಪ. ಹೆಣವೇ ಮೊದಲು ನಕ್ಕಿತು. ಆಮೇಲೆ ಒಂದೊಂದೇ ಮಂಚ ನಕ್ಕಿತು. ಗಂಗವ್ವ ಸೆರಗು ಬಾಯಿಗಿಟ್ಟುಕೊಂಡಳು. "ತಪ್ಪಾತ್ರಿ ಅಜ್ಜಾರ," ಎಂದ ಶೇಖಪ್ಪ, ಕಣ್ಣಿನ ಮೇಲಿನ ಕೈ ತೆಗೆಯದೆ. ನಗು ನಿಂತಿತು. ಅದು ನಾಟಕದ ಮಾತಲ್ಲವೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು.

ಮುದುಕರು ಕಣ್ಣು ತೆರೆದು ಅವನನ್ನು ನೋಡಿದರು. "ಇರ್ಲಿ ಬಿಡೋ ತಮ್ಮಾ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಆಟ ಮುಗೀತಲ್ಲರಿ ಸರ. ಚೀಲ ಬಿಡ್ರಿ, ಕೈ ಸೋಲಾಕತ್ತೈತಿ."

ನೋಡಿಕೊಂಡೆ. ಖರೆ, ನಾನಿನ್ನೂ ಬಿಟ್ಟಿರಲಿಲ್ಲ.