ಅಯ್ಯನವರ ಕಾಲರ್ ಮೈಕ್

ಕಾಲು ಮುರಿದುಕೊಂಡವಳು ಚರ್ಚಿಗೆ ಹೋಗುವುದು ಹೇಗೆ? ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂರಬೇಕು, ಅಷ್ಟೆ. ಹಾಗೆ ಕೂತಿದ್ದರಿಂದಲೇ ಈ ವಾರ ನಿಮಗೆ ಇದನ್ನು ಹೇಳಬೇಕಾಗಿ ಬಂದಿದೆ.

ಕೆಲವು ತಿಂಗಳ ಹಿಂದೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದೆ. (ಆಗ ಸ್ವಲ್ಪ ದಿನ ಈ ಅಂಕಣ ಬರಲಿಲ್ಲ, ನೆನಪಿರಬಹುದು. ಸಂಪಾದಕರ ಜೊತೆ ಜಗಳ ಎಂದು ಕೆಲವರು ಸುದ್ದಿ ಹಬ್ಬಿಸಿದ್ದರು. ಜಗಳವಲ್ಲ, ಪ್ಲಾಸ್ಟರ್.) ನಾನು ಒಬ್ಬಳೇ ಇರುವವಳು. ಎದ್ದು ಒಂದು ಲೋಟ ನೀರು ತೆಗೆದುಕೊಳ್ಳುವುದೂ ಕಷ್ಟವಾಯಿತು. ಹೊಳೆನರಸೀಪುರದಲ್ಲಿರುವ ತಂಗಿ ಪ್ರೇಮಾ ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು.

ಪ್ರೇಮಾಳ ಮನೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಹಾಸನದ ನಮ್ಮ ಚರ್ಚಿನ ಆರಾಧನೆಯೂ ಆಗಷ್ಟೇ ಇಂಟರ್ನೆಟ್ಟಿನಲ್ಲಿ ನೇರಪ್ರಸಾರವಾಗಲು ಶುರುವಾಗಿತ್ತು. ನನ್ನ ಕಾಲು ಒಳ್ಳೆಯ ಸಮಯ ನೋಡಿಯೇ ಮುರಿದಿದೆ ಎಂದು ನಗಾಡಿದ್ದೆವು.

ನಮ್ಮ ಚರ್ಚು ಹಳೆಯದು. ಎತ್ತರದ ಛಾವಣಿ, ದಪ್ಪ ಕಂಬಗಳು. ಮುಂದೆ ಆಡಿದ ಮಾತು ಹಿಂದಿನ ಗೋಡೆಗೆ ಬಡಿದು, ವಾಪಸ್ಸು ಬಂದು, ಮುಂದಿನ ಮಾತಿನ ಜೊತೆ ಕಲಸಿಕೊಳ್ಳುತ್ತಿತ್ತು. ಹಿಂದಿನ ಬೆಂಚಿನವರಿಗೆ ಪ್ರಸಂಗದಲ್ಲಿ, ಅಂದರೆ ಪಾದ್ರಿಗಳ ಪ್ರವಚನದಲ್ಲಿ, ಕೇಳಿಸುತ್ತಿದ್ದುದು ‘ಆಮೆನ್’ ಒಂದೇ. ವರ್ಷಗಟ್ಟಲೆ ಎಲ್ಲರದೂ ಒಂದೇ ದೂರು: ಏನೂ ಕೇಳಿಸುವುದಿಲ್ಲ, ಏನೂ ಕೇಳಿಸುವುದಿಲ್ಲ.

ಕೊನೆಗೆ ಕಮಿಟಿಯ ಜಯರಾಜ್ ಜವಾಬ್ದಾರಿ ತೆಗೆದುಕೊಂಡರು. ಬ್ಯಾಂಕಿನಿಂದ ನಿವೃತ್ತರಾದವರು, ಹಿಡಿದ ಕೆಲಸ ಬಿಡುವವರಲ್ಲ. ಬೆಂಗಳೂರಿಗೆ ಓಡಾಡಿ ಹೊಸ ಸ್ಪೀಕರ್ ತಂದರು, ಮಿಕ್ಸರ್ ತಂದರು. (ಚಟ್ನಿಯದಲ್ಲ, ದನಿಯದು.) ಅಯ್ಯನವರಿಗೆ ಅಂಗಿಯ ಕಾಲರಿಗೆ ಸಿಕ್ಕಿಸಿಕೊಳ್ಳುವ ವೈರ್ ಇಲ್ಲದ ಮೈಕು. ಹಿಂಬಾಗಿಲ ಮೇಲೆ ಒಂದು ಕ್ಯಾಮೆರಾ. ಹೊರಊರಲ್ಲಿರುವವರು, ಹಾಸಿಗೆ ಹಿಡಿದವರು ಮನೆಯಲ್ಲೇ ನೋಡಲಿ ಎಂದು. ಅಯ್ಯನವರು ಎಂದರೆ ನಮ್ಮ ಸಭೆಯ ಪಾದ್ರಿಗಳು. ಮೃದು ದನಿಯ ಮನುಷ್ಯ. ಹೊಸ ಮೈಕು ಬಂದ ಮೇಲೆ ಅವರು ಉಸಿರೆಳೆದುಕೊಂಡರೂ ಕೊನೆಯ ಬೆಂಚಿಗೆ ಕೇಳುತ್ತಿತ್ತು. ಎಲ್ಲರಿಗೂ ಖುಷಿ.

ಆ ಭಾನುವಾರ ಪ್ರಭುಭೋಜನ ಇತ್ತು. ರೊಟ್ಟಿಯ ಚೂರು ಕೊಟ್ಟು, ಒಂದೇ ಬೆಳ್ಳಿ ಬಟ್ಟಲಿನಿಂದ ಎಲ್ಲರಿಗೂ ದ್ರಾಕ್ಷಾರಸ ಕುಡಿಸುವ ಸಂಸ್ಕಾರ. ಪ್ರೇಮಾ ಒಳಗೆ ದೋಸೆ ಹೊಯ್ಯುತ್ತಿದ್ದಳು. ನಾನು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಂಪ್ಯೂಟರ್ ಹಾಕಿದೆ. ಆರಾಧನೆ ಶುರುವಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಬೆಂಚುಗಳು ಮುಕ್ಕಾಲು ಭಾಗ ತುಂಬಿದ್ದವು. ಚಿತ್ರ ಆಗಾಗ ನಿಂತುಹೋಗುತ್ತಿತ್ತು, ಆದರೆ ದನಿ ನಿಲ್ಲುತ್ತಿರಲಿಲ್ಲ.

ಆಗ ಒಂದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಒಬ್ಬ ಹೆಂಗಸಿನ ದನಿ.

“ಅಯ್ಯನವರೇ, ಇವತ್ತು ಭೋಜನ ಅಲ್ವಾ? ನಾನು ತಗೋಬಹುದಾ?”

“ಯಾಕಮ್ಮ, ಏನಾಯ್ತು?”

ಅಯ್ಯನವರು ಪಕ್ಕದ ವೆಸ್ಟ್ರಿಯಲ್ಲಿದ್ದಾರೆ, ಕಾಲರ್ ಮೈಕು ಆನ್ ಆಗಿದೆ ಎಂದು ನನಗೆ ತಕ್ಷಣ ಹೊಳೆಯಿತು. (ವೆಸ್ಟ್ರಿ ಎಂದರೆ ಪಾದ್ರಿಗಳು ನಿಲುವಂಗಿ ತೊಡುವ ಕೋಣೆ; ದಪ್ಪ ಗೋಡೆ, ಬಾಗಿಲು ಹಾಕಿದರೆ ಚರ್ಚಿನ ಸದ್ದು ಒಳಗೆ ಕೇಳಿಸುವುದಿಲ್ಲ.) ಹೆಂಗಸಿನ ದನಿಯ ಗುರುತೂ ಸಿಕ್ಕಿತು. ಅವಳನ್ನು ಇಲ್ಲಿ ಸುಗುಣ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಿಸ್. ಮಕ್ಕಳಿಲ್ಲ. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ. ಲಿವರ್ ಹೋಗಿತ್ತು ಎಂದು ನಾವೆಲ್ಲ ತಿಳಿದಿದ್ದೆವು.

“ಇವರು ಹೋದ್ಮೇಲೆ ನನಗೂ ಟೆಸ್ಟ್ ಮಾಡಿಸಿದ್ರು. ಪಾಸಿಟಿವ್ ಬಂದಿದೆ. ಎಚ್‌ಐವಿ. ಇವರು ಸತ್ತಿದ್ದು ಲಿವರಿಂದ ಅಲ್ಲ ಅಯ್ಯನವರೇ.”

ನಾನು ಮೊಬೈಲ್ ಎತ್ತಿಕೊಂಡೆ. ಜಯರಾಜ್ ನಂಬರ್ ಒತ್ತಿದೆ. ಸ್ವಿಚ್ ಆಫ್. ಗಾಯನ ಮಂಡಳಿಯ ಒಬ್ಬಳಿಗೆ ಮಾಡಿದೆ. ಸ್ವಿಚ್ ಆಫ್. ‘ಚರ್ಚಿನೊಳಗೆ ಮೊಬೈಲ್ ಬಂದ್ ಮಾಡಿ’ ಎಂದು ಬಾಗಿಲಲ್ಲಿ ಬೋರ್ಡು ಹಾಕಿದವರು ನಾವೇ. ಅಷ್ಟರಲ್ಲಿ ಅಯ್ಯನವರು ಕೇಳುತ್ತಿದ್ದರು, “ಡಾಕ್ಟರು ಏನಂತಾರಮ್ಮ?”

“ಎಂಜಲಿಂದ ಹರಡಲ್ಲ, ಒಂದೇ ಲೋಟದಲ್ಲಿ ಕುಡಿದ್ರೂ ಏನೂ ಆಗಲ್ಲ ಅಂದ್ರು. ಆದ್ರೂ ನನಗೆ ಮನಸ್ಸು ತಡೀಲಿಲ್ಲ. ವಯಸ್ಸಾದವರು ಇರ್ತಾರೆ, ಬಾಣಂತೀರು ಇರ್ತಾರೆ. ನನ್ನಿಂದ ಯಾರಿಗೂ ತೊಂದ್ರೆ ಆಗ್ಬಾರ್ದು. ಅದಕ್ಕೇ ನಿಮ್ಮನ್ನ ಕೇಳಿಬಿಡೋಣ ಅಂತ ಬೇಗ ಬಂದೆ.”

ಪರದೆಯ ಮೇಲೆ ಬೆಂಚುಗಳಲ್ಲಿ ಕೂತವರ ಬೆನ್ನುಗಳು. ಒಂದು ತಲೆಯೂ ಅಲ್ಲಾಡುತ್ತಿಲ್ಲ. ಚಿತ್ರ ನಿಂತುಹೋಗಿದೆಯೋ, ಜನ ಹಾಗೆ ಕೂತಿದ್ದಾರೋ ತಿಳಿಯಲಿಲ್ಲ. ಮಿಕ್ಸರ್ ಇದ್ದ ಮೇಜು ಕೊನೆಯ ಬೆಂಚಿಗೆ ಅಂಟಿಕೊಂಡೇ ಇದೆ. ಕೈ ಚಾಚಿದರೆ ಸಾಕು. ಯಾರೂ ಏಳುತ್ತಿಲ್ಲವೇಕೆ?

ಚರ್ಚಿನ ಕಾಂಪೌಂಡಿನಲ್ಲೇ ಅಯ್ಯನವರ ಮನೆ. ಅಲ್ಲಿಯ ಲ್ಯಾಂಡ್‌ಲೈನಿಗೆ ಮಾಡಿದೆ. ಹೊಡೆದುಕೊಂಡೇ ಇತ್ತು. ಕೊನೆಗೆ ಅವರ ಹೆಂಡತಿ ವಸಂತಮ್ಮ ಎತ್ತಿದರು.

“ವಸಂತಮ್ಮ, ಅಯ್ಯನವರ ಮೈಕ್ ಆನ್ ಇದೆ. ವೆಸ್ಟ್ರೀಲಿ ಆಡೋ ಮಾತೆಲ್ಲ ಚರ್ಚಿಗೆ ಕೇಳಿಸ್ತಾ ಇದೆ. ಓಡಿ.”

ರಿಸೀವರ್ ಮೇಜಿಗೆ ಬಿದ್ದ ಸದ್ದು ಬಂತು. ಸದ್ಯ, ನಿಂತಿತು ಅಂದುಕೊಂಡೆ. ಆದರೆ ಕಂಪ್ಯೂಟರಿನಲ್ಲಿ ಸುಗುಣ ಮಾತಾಡುತ್ತಲೇ ಇದ್ದಳು. ಗಂಡನ ವಿಷಯ, ಅರಕಲಗೂಡಿನ ಅತ್ತೆಗೆ ಇನ್ನೂ ಹೇಳಿಲ್ಲದ ವಿಷಯ, ರಾತ್ರಿ ನಿದ್ದೆ ಬರದ ವಿಷಯ. ಆಮೇಲೆ ಅಯ್ಯನವರ ಪ್ರಾರ್ಥನೆ. “ಧೈರ್ಯವಾಗಿ ತಗೊಳ್ಳಮ್ಮ” ಎಂದರು. ಆಮೇಲೆ ಬಾಗಿಲು ಬಡಿದ ಸದ್ದು, ‘ಟಕ್’ ಎಂದು ಒಂದು ಸದ್ದು, ಮೌನ.

ಇಂಟರ್ನೆಟ್ಟಿನಲ್ಲಿ ಬರುವ ದನಿ ಚರ್ಚಿನಲ್ಲಿ ಆಡಿದ್ದಕ್ಕಿಂತ ಸ್ವಲ್ಪ ಹಿಂದಿರುತ್ತದೆ ಎಂದು ಜಯರಾಜ್ ಮೊದಲೇ ಹೇಳಿದ್ದರು. ನನಗೆ ಅದು ಅರ್ಥವಾಗಿದ್ದು ಆಗಲೇ. ನಾನು ಯಾವ ಮಾತನ್ನು ತಡೆಯಲು ಫೋನ್ ಒತ್ತುತ್ತಿದ್ದೆನೋ ಅದನ್ನು ಇಡೀ ಸಭೆ ಆಗಲೇ ಕೇಳಿ ಮುಗಿಸಿತ್ತು.

ಪ್ರೇಮಾ ದೋಸೆಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. “ಅಕ್ಕ, ಇದು ಎಲ್ಲಾರ್ಗೂ ಕೇಳಿಸ್ತಾ?” ಎಂದಳು.

ಸುಗುಣ ವೆಸ್ಟ್ರಿಯಿಂದ ಹೊರಗೆ ಬಂದಳು. ಅವಳಿಗೆ ಇನ್ನೂ ಗೊತ್ತಿಲ್ಲ; ವಸಂತಮ್ಮ ಅವಳ ಎದುರಿಗೆ ಕಾರಣ ಹೇಳದೆ ಮೈಕು ಆರಿಸಿದ್ದರಂತೆ. ಸೆರಗು ಸರಿಮಾಡಿಕೊಂಡು, ನಡುವಿನ ಹಾದಿಯಲ್ಲಿ ನಡೆದು, ಎಂದಿನ ಬೆಂಚಿಗೆ ಹೋಗಿ ಕೂತಳು. ಪಕ್ಕದಲ್ಲಿದ್ದ ಮಾರ್ಥಮ್ಮ ಎಂಬ ಹಿರಿಯ ಹೆಂಗಸು ಸರಿದು ಕೂತರು. ಜಾಗ ಮಾಡಿಕೊಡಲು ಸರಿದರು ಎಂದೇ ಸುಗುಣ ತಿಳಿದಳಂತೆ. ಆಮೇಲೆ ಮುಂದಿನ ಬೆಂಚಿನವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಅಷ್ಟು ಸಾಕಾಯಿತು.

ಎದ್ದು ಹೋಗಲಿಲ್ಲ ಅವಳು. ಹಾಡಿನ ಪುಸ್ತಕ ತೆರೆದು ಕೂತೇ ಇದ್ದಳು. ಅಯ್ಯನವರ ಪ್ರಸಂಗ ಎರಡು ಸಲ ನಡುವೆ ನಿಂತಿತು.

ಭೋಜನದ ಹೊತ್ತಿಗೆ ನಡೆದದ್ದು ನನಗೆ ಕ್ಯಾಮೆರಾದಲ್ಲಿ ಕಂಡಿತು. ನಮ್ಮಲ್ಲಿ ಮೊದಲು ಗಂಡಸರು, ಆಮೇಲೆ ನಿಧಾನವಾಗಿ ಬೆಂಚಿನ ಸಾಲಿನಂತೆ ಹೆಂಗಸರು. ಅವತ್ತು ಹೆಂಗಸರು ಗಂಡಸರ ಬೆನ್ನಿಗೇ ನಿಂತರು. ಕೊನೆಯ ಬೆಂಚಿನವರು ಸುಗುಣಳ ಬೆಂಚನ್ನು ದಾಟಿ ಮುಂದೆ ಬಂದರು. ನೂಕುನುಗ್ಗಲು ಇಲ್ಲ, ಮಾತಿಲ್ಲ, ಬಹಳ ಮರ್ಯಾದೆಯಿಂದ. ಎಲ್ಲರಿಗೂ ಅವಳಿಗಿಂತ ಮೊದಲು ಕುಡಿಯಬೇಕಿತ್ತು. ಹಾಗಾಗಿ ಅವಳು ಕೊನೆಯವಳಾದಳು.

ಬಂದು ಮೊಣಕಾಲೂರಿದಳು. ಅಯ್ಯನವರು ಬಟ್ಟಲು ಚಾಚಿದರು. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಅವರ ಚಾಚಿದ ಕೈ, ಇವಳ ಬಗ್ಗಿದ ತಲೆ. ಹಾಗೇ ಎಷ್ಟೋ ಹೊತ್ತು ಇತ್ತು. ನಾನು ಪ್ಲಗ್ ಕಿತ್ತೆ.

ಬುಧವಾರದ ಹೊತ್ತಿಗೆ ಶಾಲೆಯವರು, “ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮಿಸ್” ಅಂದರು. ಯಾವ ತಾಯಿತಂದೆಯೂ ಜೋರಾಗಿ ಏನೂ ಹೇಳಿರಲಿಲ್ಲವಂತೆ. ಮಕ್ಕಳು ಬರುವುದು ನಿಂತಿತ್ತು, ಅಷ್ಟೆ. ಅರಕಲಗೂಡಿನ ಅತ್ತೆಗೂ ಸುದ್ದಿ ತಲುಪಿತು. ಅವರ ಪಕ್ಕದ ಮನೆಯವರು ಇಂಟರ್ನೆಟ್ಟಿನಲ್ಲಿ ನೋಡಿದ್ದರು. ನೇರಪ್ರಸಾರದ ರೆಕಾರ್ಡಿಂಗ್ ತನ್ನಷ್ಟಕ್ಕೆ ಅಲ್ಲಿ ಉಳಿದುಕೊಳ್ಳುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನು ಫೋನ್ ಮಾಡಿ ರೇಗಿದ ಮೇಲೆ ಜಯರಾಜ್ ಅಳಿಸಿದರು. ಅಷ್ಟರಲ್ಲಿ ನಮ್ಮ ಯಾವ ಕ್ರಿಸ್ಮಸ್ ಕಾರ್ಯಕ್ರಮವನ್ನೂ ನೋಡದಷ್ಟು ಜನ ಅದನ್ನು ನೋಡಿದ್ದರು.

ಪ್ಲಾಸ್ಟರ್ ಬಿಚ್ಚಿಸಿ ಹಾಸನಕ್ಕೆ ವಾಪಸ್ಸಾದ ಮೇಲೆ ಮಾರ್ಥಮ್ಮನನ್ನು ಕೇಳಿದೆ, “ಅಷ್ಟು ಜನ ಇದ್ರಲ್ಲ, ಒಬ್ಬರಾದ್ರೂ ಎದ್ದು ಆಫ್ ಮಾಡ್ಬಾರ್ದಿತ್ತಾ?”

“ಯಾರಾದ್ರೂ ಮಾಡ್ತಾರೆ ಅಂದ್ಕಂಡೆ ಕಣವ್ವ. ಎಲ್ರೂ ಅಂಗೇ ಅಂದ್ಕಂಡ್ರೇನೋ.” ಆಮೇಲೆ ಅವರೇ ಹೇಳಿದರು, “ಸುಳ್ಳ್ಯಾಕೆ ಏಳ್ಲಿ? ಮುಂದ್ಕೆ ಏನೇಳ್ತಾಳೋ ಅಂತ್ಲೂ ಇತ್ತು.”

ಈ ಒಂದು ಪ್ರಾಮಾಣಿಕ ಮಾತಿಗಾಗಿ ನಾನು ಮಾರ್ಥಮ್ಮನ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಬೇರೆಯವರು ಅಷ್ಟನ್ನೂ ಹೇಳಲಿಲ್ಲ.

ಅಯ್ಯನವರು ಸುಗುಣಳ ಮನೆಗೆ ಹೋಗಿದ್ದರು. ಬಾಗಿಲು ತೆರೆಯಲಿಲ್ಲವಂತೆ. ಮತ್ತೆ ಹೋದರು, ಆಗಲೂ ತೆರೆಯಲಿಲ್ಲ. “ನನ್ನ ಎದೆ ಮೇಲೇ ಇತ್ತಲ್ಲಮ್ಮ ಮೈಕು. ನನಗೆ ಗೊತ್ತಾಗ್ಲಿಲ್ಲ” ಎಂದರು ನನ್ನ ಹತ್ತಿರ. ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವುದು ಮುಗಿಯಲೇ ಇಲ್ಲ.

ಕಮಿಟಿ ಸಭೆ ಕರೆದರು. ವಿಷಯ: ಆಡಿಯೋ ವಿಡಿಯೋ ವ್ಯವಸ್ಥೆಯ ಸುಧಾರಣೆ. ನಾನೂ ಕುಂಟುತ್ತಾ ಹೋದೆ. ಮೈಕು ಆನ್ ಇದ್ದರೆ ವೆಸ್ಟ್ರಿಯಲ್ಲಿ ಕೆಂಪು ದೀಪ ಉರಿಯಬೇಕು ಎಂದು ತೀರ್ಮಾನವಾಯಿತು. ಮಿಕ್ಸರ್ ಬಿಟ್ಟು ಯಾರೂ ಏಳಬಾರದು ಎಂದಾಯಿತು. (ಅವತ್ತು ಜಯರಾಜ್ ಹೊರಗೆ ಕಾರುಗಳಿಗೆ ಜಾಗ ತೋರಿಸುತ್ತಿದ್ದರು. ಅವರು ಅದನ್ನು ಮುಚ್ಚಿಡಲಿಲ್ಲ.) ಎಲ್ಲವೂ ಸರಿಯಾದ ತೀರ್ಮಾನಗಳೇ. ಕೊನೆಗೆ ಒಬ್ಬರು ಗಂಟಲು ಸರಿಮಾಡಿಕೊಂಡು, “ಇದೇ ಸಮಯದಲ್ಲಿ, ಶುಚಿತ್ವದ ದೃಷ್ಟಿಯಿಂದ, ಭೋಜನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಲೋಟ ಮಾಡಿಸಿದ್ರೆ ಹೇಗೆ?” ಎಂದರು. ಯಾರೂ ಬೇಡ ಅನ್ನಲಿಲ್ಲ. ಅಯ್ಯನವರು ಮಾತ್ರ, “ನಾನು ಬಟ್ಟಲಲ್ಲೇ ಕುಡೀತೀನಿ” ಎಂದರು.

ಅಷ್ಟು ಹೊತ್ತಿನಲ್ಲಿ ಸುಗುಣಳ ಹೆಸರು ಒಂದು ಸಲವೂ ಬರಲಿಲ್ಲ. ಅವಳು ಹೇಗಿದ್ದಾಳೆ ಎಂದು ನಾನು ಕೇಳಿದಾಗ ಎಲ್ಲರೂ ಫ್ಯಾನಿನ ಕಡೆ ನೋಡಿದರು.

ಅವಳು ಹಾಸನ ಬಿಟ್ಟಿದ್ದಳು. ಚನ್ನರಾಯಪಟ್ಟಣದಲ್ಲಿ ಅಕ್ಕನ ಮನೆ ಸೇರಿದ್ದಾಳೆ ಎಂದು ತಿಳಿದು ಹೋದ ತಿಂಗಳು ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ಬಾಗಿಲು ಹಾಕಿಕೊಳ್ಳುತ್ತಾಳೇನೋ ಅಂದುಕೊಂಡೆ. “ಕಾಲು ಹೆಂಗಿದೆ ಅಕ್ಕ?” ಎಂದಳು.

ಮಾತ್ರೆ ಶುರುವಾಗಿದೆ, ಮೈಗೆ ಹಿಡಿಸಿದೆ ಎಂದಳು. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಅಕ್ಕ ಕಾಫಿ ತಂದರು. ಮೂವರಿಗೂ ಒಂದೇ ಥರದ ಲೋಟ. ನಾನು ಅದನ್ನು ಗಮನಿಸಿದ್ದನ್ನು ಸುಗುಣ ಗಮನಿಸಿದಳು. ನನಗೆ ನಾಚಿಕೆಯಾಯಿತು.

“ಅಕ್ಕ, ಒಂದು ಕೇಳ್ತೀನಿ. ಅಷ್ಟು ಚೆನ್ನಾಗಿ ಕೇಳಿಸ್ತಲ್ಲ ಅವರಿಗೆಲ್ಲ. ಎಂಜಲಿಂದ ಬರಲ್ಲ ಅಂತ ಡಾಕ್ಟರು ಹೇಳಿದ್ದೂ ಹೇಳ್ದೆ. ಅದು ಯಾರಿಗೂ ಕೇಳಿಸ್ಲೇ ಇಲ್ವಾ?”

ನಾನು ಲೋಟ ಎತ್ತಿ ಕಾಫಿ ಕುಡಿದೆ.

ಇದನ್ನು ಬರೆಯಲೇ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಸೀರೆ ಮಡಿಸಿ ಪಕ್ಕಕ್ಕಿಟ್ಟಳು.

“ಬರೀರಿ. ಹೆಸರು ಬದಲಾಯಿಸಿ. ಆದ್ರೆ ಅವಳು ಎಲ್ಲಾರ್ನೂ ಕ್ಷಮಿಸಿದ್ದಾಳೆ ಅಂತ ಮಾತ್ರ ಬರೀಬೇಡಿ. ಕ್ಷಮಿಸಿಲ್ಲ. ಪ್ರಯತ್ನ ಮಾಡ್ತಾ ಇದೀನಿ, ಆಗ್ತಾ ಇಲ್ಲ.”

“ಇಲ್ಲಿ ಯಾವ ಚರ್ಚಿಗೆ ಹೋಗ್ತೀಯ?”

“ಎಲ್ಲೂ ಹೋಗಲ್ಲ. ಭಾನುವಾರ ಮೂಲೆ ಸೈಬರಿಗೆ ಹೋಗಿ ನಮ್ಮ ಚರ್ಚೇ ನೋಡ್ತೀನಿ. ಅಯ್ಯನವರ ದನಿ ಕೇಳ್ಬೇಕು ಅನ್ಸುತ್ತೆ. ಕ್ಯಾಮೆರಾ ಹಿಂದೆ ಇರೋದ್ರಿಂದ ಎಲ್ಲರ ಬೆನ್ನು ಮಾತ್ರ ಕಾಣ್ಸುತ್ತೆ. ಮುಖ ಕಾಣ್ಸಲ್ಲ. ಅದೇ ವಾಸಿ.”

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅಯ್ಯನವರಿಗೆ ಏನಾದರೂ ಹೇಳಬೇಕೇ ಎಂದೆ. ಅವರ ತಪ್ಪಿಲ್ಲ ಎಂದು ಹೇಳಿ ಅಂದಳು. ಹೇಳಿದ್ದೇನೆ.

ಹೋದ ಭಾನುವಾರ ಚರ್ಚಿನಲ್ಲಿ ಎರಡನೆಯ ಕ್ಯಾಮೆರಾದ ಪ್ರತಿಷ್ಠೆ ಇತ್ತು. ಒಳ್ಳೆಯ ಕ್ಯಾಮೆರಾ, ಚಿತ್ರ ನಿಂತುಹೋಗುವುದಿಲ್ಲ. ಇದನ್ನು ಮುಂದೆ, ಕಂಬದ ಮೇಲೆ ಹಾಕಿದ್ದಾರೆ. ಇನ್ನು ಸಭಿಕರ ಮುಖಗಳೂ ಕಾಣುತ್ತವೆ. ದೂರದವರಿಗೆ ನಮ್ಮ ನಡುವೆಯೇ ಕೂತಂತೆ ಅನಿಸಬೇಕು ಎಂದು ಜಯರಾಜ್ ಹೇಳಿದರು. ಚರ್ಚಿಗೆ ಬರಲಾಗದವರಿಗೆಲ್ಲ ಇದು ವರದಾನ ಎಂದೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬರಲಾಗದವರಿಗೆ ಸರಿ, ಬಾರದಂತೆ ನಾವೇ ಮಾಡಿದವರಿಗೆ ಎಷ್ಟು ಕ್ಯಾಮೆರಾ ಹಾಕಿಸಬೇಕು?