ಎರಡೇ ಬಾಗಿಲಿನ ಕಾರು

ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಕೇಳಿಬಂದಿರುವ ಮಾತು ‘ಊಟ ಆಯ್ತಾ’ ಅಲ್ಲ, ‘ಸ್ವಲ್ಪ ಕೆಲಸ ಇದೆ, ಅಷ್ಟೆ’. ನಮ್ಮ ಯಜಮಾನರು ಇದನ್ನು ನನ್ನ ಬಗ್ಗೆ ಆಡಿದ್ದಲ್ಲ. ರಿಪೇರಿ ಮಾಡಿ ಇಟ್ಟುಕೊಳ್ಳುವಂಥದ್ದೇನೂ ಅವರಿಗೆ ನನ್ನಲ್ಲಿ ಕಂಡಿಲ್ಲ. ಆಡಿದ್ದು ಕೊಟ್ಟಿಗೆಯಲ್ಲಿ ನಿಂತಿರುವ ಕಾರಿನ ಬಗ್ಗೆ. ಅರವತ್ತರ ದಶಕದ ಜರ್ಮನ್ ಕಾರು. ಉದ್ದ ಮೂತಿ, ಮರದ ಡ್ಯಾಶ್‌ಬೋರ್ಡು, ಚರ್ಮದ ಸೀಟು, ಎರಡೇ ಬಾಗಿಲು. ಪೀಣ್ಯದಲ್ಲಿ ಇವರು ಸೂಪರ್‌ವೈಸರ್ ಆಗಿದ್ದ ಕಾರ್ಖಾನೆಯ ಮಾಲೀಕರು ಕಾರ್ಖಾನೆ ಮುಚ್ಚಿ ಊರು ಬಿಡುವಾಗ, ‘ನೀನೇ ಇಟ್ಕೊಳಪ್ಪ, ಸ್ವಲ್ಪ ಕೆಲಸ ಇದೆ, ಅಷ್ಟೆ’ ಎಂದು ಕೊಟ್ಟರಂತೆ. ಕಾರಿನ ಜೊತೆ ಆ ಮಾತೂ ನಮ್ಮ ಮನೆಗೆ ಬಂತು.

ಕೊಟ್ಟಿಗೆ ನನ್ನದು. ದೊಡ್ಡನೆಕ್ಕುಂದಿ ಇನ್ನೂ ಹಳ್ಳಿಯಾಗಿದ್ದಾಗ ನಮ್ಮಪ್ಪ ಅಲ್ಲಿ ಹಸು ಕಟ್ಟುತ್ತಿದ್ದರು. ಹಸು ಹೋಗಿ, ಹೊಲ ಹೋಗಿ, ಸುತ್ತಲೂ ಬಾಡಿಗೆ ರೂಮುಗಳು ಎದ್ದ ಮೇಲೂ ಅದನ್ನು ಕೆಡವಲಿಲ್ಲ. ‘ಇದು ನಿಂದು ಕಣವ್ವ. ಮಿಸನ್ ಆಕ್ಕೊಂಡು ನಾಕು ಎಣ್ಮಕ್ಳಿಗೆ ಒಲಿಯಾದು ಕಲ್ಸು’ ಅಂದಿದ್ದರು. ಕಲಿಯುವವರಿಗೂ ಬರವಿರಲಿಲ್ಲ. ರೂಮುಗಳಲ್ಲಿ ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಸಂಸಾರಗಳಿದ್ದವು. ಅವರಲ್ಲಿ ಶಾಂತವ್ವ ಎಂಬಾಕೆ ಸಿಕ್ಕಿದಾಗೆಲ್ಲ, ‘ಅಕ್ಕಾರ, ನಮಗೂ ಜಂಪರ್ ಹೊಲ್ಯೋದು ಕಲಸ್ರೀ’ ಎನ್ನುತ್ತಿದ್ದಳು. ನಾನು ಗೋಡೆಗೆ ಸುಣ್ಣ ಹೊಡೆಸಿದೆ. ಸುಣ್ಣ ಒಣಗುವ ಮೊದಲೇ ಕಾರು ಬಂದು ನಿಂತಿತು. ‘ಮಳೆಗಾಲ ಮುಗಿಯೋವರೆಗೆ ಕಣೇ’ ಎಂದರು ಇವರು. ಯಾವ ವರ್ಷದ ಮಳೆಗಾಲ ಎಂದು ನಾನು ಕೇಳಬೇಕಿತ್ತು. ನನ್ನ ಹೊಲಿಗೆ ಮಿಷನ್ನು ಅಂದಿನಿಂದ ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕ ಸಂಸಾರ ಹೂಡಿದೆ.

ಇಂಥ ಕಾರಿಗೆ ಕೂಪೆ ಎನ್ನುತ್ತಾರೆ. ಫ್ರೆಂಚಿನಲ್ಲಿ ಹಾಗೆಂದರೆ ಕತ್ತರಿಸಿದ್ದು ಎಂದರ್ಥವಂತೆ. ಕುದುರೆ ಸಾರೋಟನ್ನು ಕತ್ತರಿಸಿ ಇಬ್ಬರಿಗಾಗುವಷ್ಟು ಮಾಡಿಕೊಂಡಿದ್ದರಂತೆ. ಕತ್ತರಿ ಹಿಡಿದವಳಾಗಿ ಹೇಳುತ್ತೇನೆ, ಕಟಿಂಗ್ ಸರಿಯಿಲ್ಲ. ಬೆನ್ನಿನ ಬಟ್ಟೆ ಕದ್ದು ಮುಂಭಾಗಕ್ಕೆ ಧಾರಾಳ ಮಾಡಿದ ರವಿಕೆ ಇದು. ಮುಂದೆ ಕೂತವರು ಕಾಲು ಚಾಚಬಹುದು. ಹಿಂದೆ ಕೂತವರಿಗೆ ಬಾಗಿಲೇ ಇಲ್ಲ. ಮುಂದಿನ ಸೀಟನ್ನು ಯಾರಾದರೂ ಪುಣ್ಯಾತ್ಮರು ಮಡಚಿಕೊಟ್ಟರೆ ಬಿಡುಗಡೆ.

ಅದು ಓಡಿದ್ದು ಒಂದೇ ಸಲ. ಎಲೆಕ್ಟ್ರಾನಿಕ್ ಸಿಟಿ ಹತ್ತಿರ ನಾದಿನಿಯ ಗೃಹಪ್ರವೇಶ. ಮುಂದೆ ಇವರು, ಪಕ್ಕದಲ್ಲಿ ಇವರ ಅಣ್ಣ. ಹಿರಿಯರನ್ನು ಹಿಂದೆ ಕೂರಿಸುವುದುಂಟೇ? ಹಿಂದಕ್ಕೆ ನಾನು. ಬೆಳಿಗ್ಗೆ ಮೆಕ್ಯಾನಿಕ್ಕೇ ಸೀಟು ಮಡಚಿ, ರೇಷ್ಮೆ ಸೀರೆ ಮತ್ತು ತಾಂಬೂಲದ ತಟ್ಟೆಯ ಸಮೇತ ನನ್ನನ್ನು ಒಳಗೆ ತುರುಕಿದ್ದ. ಹೊಸೂರು ರಸ್ತೆಯಲ್ಲಿ ಹೊಗೆಯೆದ್ದು ಗಾಡಿ ನಿಂತಿತು. ಅಣ್ಣತಮ್ಮ ಇಳಿದು, ಬಾಗಿಲು ಹಾಕಿ, ಬಾನೆಟ್ಟು ಎತ್ತಿ ಅದರೊಳಗೆ ಮುಖ ಹುದುಗಿಸಿದರು. ಹಿಂದಿನ ಗಾಜು ಇಳಿಯುವುದಿಲ್ಲ. ಅದೂ ಆ ‘ಸ್ವಲ್ಪ ಕೆಲಸ’ದಲ್ಲೇ ಸೇರಿತ್ತು. ಏಪ್ರಿಲ್ ಬಿಸಿಲು. ಗಾಜು ಬಡಿದೆ. ಬಾನೆಟ್ಟಿನ ಪಕ್ಕದಿಂದ ಇವರದೊಂದು ಬೆರಳು ಮೇಲೆದ್ದಿತು: ಒಂದ್ನಿಮಿಷ. ಮತ್ತೆ ಬಡಿದೆ. ಮತ್ತೆ ಬೆರಳು. ಉಸಿರು ಕಟ್ಟಿತು, ಅಳುವೂ ಬಂತು. ಸೀಟಿನ ಸಂದಿಯಲ್ಲೆಲ್ಲ ತಡಕಾಡಿ, ಪಕ್ಕದಲ್ಲಿ ಅಡಗಿದ್ದ ಪುಟ್ಟ ಹಿಡಿಕೆಯೊಂದನ್ನು ಎಳೆದೆ. ಸೀಟು ಮುಂದಕ್ಕೆ ಬಾಗಿತು. ತಟ್ಟೆಯ ಸಮೇತ ಇಳಿದು, ಸೀರೆ ಕೊಡವಿಕೊಂಡು, ಬಸ್ಸು ಹತ್ತಿ, ಗೃಹಪ್ರವೇಶದ ಹೋಳಿಗೆ ಊಟ ಮಾಡಿದೆ. ನಾನು ಕಾರಿನಲ್ಲಿಲ್ಲ ಎಂಬುದು ಇವರಿಗೆ ಗೊತ್ತಾದದ್ದು ಮಧ್ಯಾಹ್ನ, ತಾಂಬೂಲದ ತಟ್ಟೆ ಹುಡುಕಿದಾಗ.

ಆಮೇಲೆ ಕಾರು ಓಡಲಿಲ್ಲ, ಆಯುಧಪೂಜೆ ಮಾತ್ರ ತಪ್ಪಲಿಲ್ಲ. ಓಡದ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬಾಡಿಗೆ ರೂಮಿನವರನ್ನು ಕರೆದು ಮುಂದಕ್ಕೆ ತಳ್ಳಿಸಿ, ಹಣ್ಣು ಪಚಕ್ಕೆಂದ ಮೇಲೆ ಮತ್ತೆ ಹಿಂದಕ್ಕೆ ತಳ್ಳಿಸುತ್ತಾರೆ. ಬಂಪರಿಗೆ ಬಾಳೆಕಂದು, ಬಾನೆಟ್ಟಿನ ಮೇಲೆ ಕರ್ಪೂರ. ‘ಬಾಳೆ ಕರೆ ಹಿಡಿದ್ರೆ ಬಿಡಲ್ಲ ರೀ’ ಎಂದೆ. ‘ದೇವ್ರ ಕಾರ್ಯದಲ್ಲಿ ಕೊಂಕು ತೆಗೀಬೇಡ’ ಎಂದರು. ಹೀಗೆ ವರ್ಷವರ್ಷವೂ ಭಕ್ತಿಯಿಂದಲೇ ಕಾರು ಹಾಳಾಗುತ್ತ ಬಂತು. ನನ್ನ ಮಿಷನ್ನಿಗೆ ಬರೀ ಒಂದು ಕುಂಕುಮದ ಬೊಟ್ಟು, ಮಿಷನ್ನು ಇನ್ನೂ ಗಟ್ಟಿಮುಟ್ಟಾಗಿದೆ.

ಈಚೆಗೆ ಏನಾಯಿತೋ, ಕಾರು ಮಾರಿಬಿಡೋಣ ಎಂದರು ಇವರು. ಬೆಳ್ಳಂದೂರಿನಿಂದ ಒಬ್ಬಾತ ಬಂದ. ಕಂಪನಿ ಕೆಲಸ, ಹಳೇ ಕಾರಿನ ಹುಚ್ಚು. ನಾನು ಮನಸ್ಸಿನಲ್ಲೇ ಕೊಟ್ಟಿಗೆ ತುಂಬ ಮಿಷನ್ನು ಜೋಡಿಸಿ, ಕಿಟಕಿ ಪಕ್ಕದ್ದು ಶಾಂತವ್ವನಿಗೆ ಎಂದು ಗೊತ್ತುಮಾಡಿಯೂಬಿಟ್ಟೆ.

‘ಬಂಪರ್ ಮೇಲೆ ಏನ್ ಸಾರ್ ಇದು, ಕಪ್ಪಗೆ?’ ಎಂದ.

‘ಬಾಳೆ ಕರೆ.’

‘ಬಾನೆಟ್ ಸುಟ್ಟಿರೋದು?’

‘ಮಂಗಳಾರತಿ.’

ಅವನ ಮುಖ ಸಣ್ಣದಾಯಿತು. ‘ಪರ್ವಾಗಿಲ್ಲ ಸಾರ್, ಸ್ವಲ್ಪ ಕೆಲಸ, ಅಷ್ಟೆ. ಹಿಂದಿನ ಸೀಟ್ ನೋಡ್ಬೋದಾ?’

ಇವರು ಮುಂದಿನ ಸೀಟನ್ನು ನೂಕಿದರು, ಗುದ್ದಿದರು, ಬೈದರು. ಅದು ಜಪ್ಪಯ್ಯ ಅನ್ನಲಿಲ್ಲ. ನಾನು ಹೋಗಿ ಹಿಡಿಕೆ ಎಳೆದೆ.

‘ನಿಂಗೆ ಹೆಂಗೆ ಗೊತ್ತು?’ ಎಂದರು, ನಿಜವಾಗಿಯೂ ಆಶ್ಚರ್ಯದಿಂದ.

‘ಹಿಂದೆ ಕೂತಿದ್ದವಳು ನಾನಲ್ವಾ?’ ಎಂದೆ.

ಆತ ಒಳಗೆ ಬಗ್ಗಿ ನೋಡಿ, ‘ಅಯ್ಯೋ ಸಾರ್! ಹೊಸದೇ ಇದ್ದಂಗಿದೆ! ಇಂಥ ಸೀಟ್ ಎಲ್ಲೂ ಸಿಗಲ್ಲ’ ಎಂದು ಕೂಗಿದ. ಅಷ್ಟೇ ಸಾಕಾಯಿತು. ಇವರ ಎದೆ ಉಬ್ಬಿತು. ‘ಅಷ್ಟು ಚೆನ್ನಾಗಿದ್ಯಾ? ಹಂಗಾದ್ರೆ ಕೊಡಲ್ಲ, ಬಿಡಿ. ನಾನೇ ಸರಿ ಮಾಡಿಸ್ತೀನಿ.’ ನಾನೇ ಎಳೆದ ಹಿಡಿಕೆಯಿಂದ ನನ್ನ ಕೊಟ್ಟಿಗೆ ನನ್ನ ಕೈತಪ್ಪಿತು. ಹೊಟ್ಟೆ ಉರಿದುಹೋಯಿತು, ಮುಚ್ಚಿಡುವುದೇನಿದೆ!

ಎಲ್ಲೂ ಸಿಗದ ಸೀಟನ್ನು ಖಾಲಿ ಬಿಡುವುದು ಮಾತ್ರ ನನ್ನಿಂದಾಗಲಿಲ್ಲ. ಈಗ ಮಧ್ಯಾಹ್ನವಾದರೆ ಮುಂದಿನ ಗಾಜುಗಳನ್ನು ಇಳಿಸಿ, ಹಿಂದೆ ಹೋಗಿ ಕೂರುತ್ತೇನೆ. ಪಕ್ಕದಲ್ಲಿ ಶಾಂತವ್ವ. ಮಿಷನ್ನು ಒಳಗೆ ಹಿಡಿಸುವುದಿಲ್ಲ, ಹಾಗಾಗಿ ಹೆಮ್ಮಿಂಗು, ಕೊಕ್ಕೆ ಹಾಕುವುದು, ಅಷ್ಟನ್ನೇ ಕಲಿಸುತ್ತಿದ್ದೇನೆ. ನಾಲ್ಕು ಜನಕ್ಕೆ ಕಲಿಸಬೇಕೆಂದಿದ್ದೆ, ಒಬ್ಬಳಿಗಷ್ಟೇ ಜಾಗ.

ಮೊನ್ನೆ ಇವರಿಗೆ ಕಾಫಿಯ ಹೊತ್ತಾಯಿತು. ಮನೆಯೆಲ್ಲ ಹುಡುಕಿ ಕೊಟ್ಟಿಗೆಗೆ ಬಂದು ಹಿಂದಿನ ಗಾಜು ಬಡಿದರು. ಶಾಂತವ್ವ ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಹೊಲಿಗೆಯಿಂದ ತಲೆ ಎತ್ತದೆ ಒಂದು ಬೆರಳೆತ್ತಿ ತೋರಿಸಿದೆ: ಒಂದ್ನಿಮಿಷ.